ಕೋಳಿಮರಿ, ಹದ್ದು ಮತ್ತು ಎಂಟು ವಾರದ ಲೆಕ್ಕ

ಇವತ್ತಿನ ವಿಷಯ ಕೋಳಿ. ನಗಬೇಡಿ! ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದವರನ್ನ ಯಾರನ್ನೇ ಕೇಳಿ, ಕಂಪ್ಲೇಂಟ್ ಒಂದೇ: “ಹೇಂಟೆ ಹತ್ತು ಮರಿ ಮಾಡ್ತು, ಹದ್ದು ಐದು ಎತ್ಕೊಂಡು ಹೋಯ್ತು.”

ಮಾಗಡಿ ಕಡೆ ಇರೋ ನಮ್ಮ ದೊಡ್ಡಮ್ಮನ ಮನೇಲೂ ಇದೇ ಕಥೆ. ಪಕ್ಕದ ಮನೆ ಅಣ್ಣ ಒಂದು ಐಡಿಯಾ ಕೊಟ್ಟಿದ್ದರು. ಸತ್ತ ಮರಿಗೆ ಹೊಲಕ್ಕೆ ಹೊಡೆಯೋ ಔಷಧಿ ಸವರಿ ಬಯಲಲ್ಲಿ ಇಡೋದು. ದೊಡ್ಡಮ್ಮ ಫೋನ್ ಮಾಡಿ “ಏನಪ್ಪಾ ಮಾಡ್ಲಿ?” ಅಂದ್ರು. ಆ ಅಣ್ಣನ ಸಿಟ್ಟು ಸುಳ್ಳಲ್ಲ, ಮರಿ ಅಂದ್ರೆ ಅವರಿಗೆ ಹಬ್ಬದ ಖರ್ಚು. ಆದ್ರೆ ವಿಷ ಹದ್ದಿಗೋಸ್ಕರ ಕಾಯ್ತಾ ಕೂರಲ್ಲ. ಕಾಗೆ ತಿನ್ನುತ್ತೆ, ಬೀದಿ ನಾಯಿ ತಿನ್ನುತ್ತೆ, ನಿಮ್ಮದೇ ಕೋಳಿ ಕುಕ್ಕುತ್ತೆ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹದ್ದು, ಗಿಡುಗಗಳನ್ನ ಕೊಲ್ಲೋದು ಅಪರಾಧ. ಬೇಡ ಅಂದೆ.

ಮೊದಲು ಕಳ್ಳ ಯಾರು ಅಂತ ನೋಡಿ. ಆಕಾಶದಲ್ಲಿ ಸುತ್ತು ಹಾಕ್ತಾ, ಬಾಲ ಸ್ವಲ್ಪ ಕವಲಾಗಿದ್ರೆ ಅದು ಹದ್ದು. ಅದು ಮೇಲಿಂದ ಇಳಿಯುತ್ತೆ, ಇಳಿಯೋಕೆ ಬಯಲು ಬೇಕು. ಪಾರಿವಾಳದಷ್ಟೇ ಇದ್ದು, ಕೊಂಬೆಯಲ್ಲಿ ಕದ್ದು ಕೂತು, ಸುಯ್ ಅಂತ ಪಕ್ಕದಿಂದ ನುಗ್ಗೋದು ಶಿಕ್ರಾ. ಹದ್ದಿಗೆ ತಲೆ ಮೇಲೆ ನೆಟ್ ಇದ್ರೆ ಬಹುಪಾಲು ಸಾಕು. ಶಿಕ್ರಾ ಬರ್ತಿದ್ರೆ ಸುತ್ತಲೂ ಮುಚ್ಚಬೇಕು. ದೊಡ್ಡಮ್ಮನ ಹಿತ್ತಲಿಗೆ ಬರ್ತಿದ್ದದ್ದು ಹದ್ದು.

ಇಬ್ಬರ ಕಣ್ಣೂ ಮರಿ ಮೇಲೆ. ಬೆಳೆದ ಹೇಂಟೆ ಒಂದು, ಒಂದೂವರೆ ಕೆಜಿ ತೂಗುತ್ತೆ. ಹದ್ದೇ ಒಂದು ಕೆಜಿ ದಾಟೋದು ಅಪರೂಪ, ಎಲ್ಲಿ ಎತ್ತುತ್ತೆ? ಅಂದ್ರೆ ಅಪಾಯ ಇರೋದು ಮರಿ ಬಲಿಯೋವರೆಗೆ, ಸುಮಾರು ಎಂಟು ವಾರ. ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಬಿಡಲ್ಲ. ಬೆಳೆದ ಕೋಳಿ ಒಂದಕ್ಕೆ 500 ರೂಪಾಯಿ ಅಂತ ಇಟ್ಕೊಳ್ಳಿ, ಐದು ಮರಿ ಹೋದ್ರೆ 2,500 ಲಾಸ್. ಹತ್ತಡಿಗೆ ಹತ್ತಡಿ ಶೇಡ್ ನೆಟ್, ನಾಲ್ಕು ಬಿದಿರು ಗಳ, ಒಂದಿಷ್ಟು ತಂತಿ ಇದಕ್ಕಿಂತ ಕಮ್ಮಿಗೇ ಆಗುತ್ತೆ. ಮುಂದಿನ ಸಲದ ಮರಿಗೂ ಅದೇ ನೆಟ್. ಮೊದಲ ಎರಡು ವಾರ ಅಂತೂ ಅಜ್ಜಿಯರ ಹಾಗೆ ಮಂಕರಿ ಕವುಚಿ ಹಾಕಿದ್ರೂ ನಡೆಯುತ್ತೆ.

ನೆಟ್ ಮಾತ್ರ ಬಿಗಿಯಾಗಿ ಎಳೆದು ಕಟ್ಟಿ. ಹಳೇ ಮೀನಿನ ಬಲೆ ಸಡಿಲ ಬಿಟ್ರೆ ರಾತ್ರಿ ಗೂಬೆ ಸಿಕ್ಕಿ ಹಾಕ್ಕೊಂಡು ರೆಕ್ಕೆ ಹರ್ಕೊಳ್ಳುತ್ತೆ. ಹಾಗೇನಾದ್ರೂ ಆದ್ರೆ ಎಳೀಬೇಡಿ. ಬಟ್ಟೆ ಮುಚ್ಚಿ, ಬಲೆ ಕತ್ತರಿಸಿ, ಗಾಳಿ ಆಡೋ ರಟ್ಟಿನ ಡಬ್ಬಿಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಹಳೇ ಸಿಡಿ ನೇತು ಹಾಕೋದು? ಕೆಲವು ದಿನ ಕೆಲಸ ಮಾಡುತ್ತೆ, ಆಮೇಲೆ ಹದ್ದಿಗೆ ಅದು ಅಭ್ಯಾಸ ಆಗುತ್ತೆ. ಅದಕ್ಕಿಂತ ಒಂದು ಹುಂಜ ಇಟ್ಕೊಳ್ಳಿ. ಮೇಲಿಂದ ಬರೋ ಶತ್ರುವಿಗೆ ಹುಂಜ ಕೂಗೋ ಕೂಗೇ ಬೇರೆ, ನೆಲದ ಮೇಲೆ ಬರೋ ನಾಯಿಗೆ ಕೂಗೋದೇ ಬೇರೆ. ಕೋಳಿಗಳಿಗೆ ಅದು ಗೊತ್ತಾಗುತ್ತೆ, ಓಡಿ ಅಡಗ್ತವೆ. ಅಡಗೋಕೆ ಜಾಗ ಇರಬೇಕಲ್ಲ, ಎರಡು ದಾಸವಾಳದ ಪೊದೆ ಇರಲಿ. ಹತ್ತಿರದ ಮರದಲ್ಲಿ ಕಾಜಾಣ ಗೂಡು ಕಟ್ಟಿದ್ರೆ ನೀವು ಲಕ್ಕಿ. ತನ್ನ ಗೂಡಿನ ಹತ್ತಿರ ಹದ್ದು ಸುಳಿದ್ರೆ ಬೆನ್ನಟ್ಟಿ ಓಡಿಸುತ್ತೆ. ಸಂಬಳ ಇಲ್ಲದ ವಾಚ್‌ಮನ್.

ಇನ್ನೊಂದು. ಕೋಳಿ ಕುಯ್ದ ದಿನ ಕರುಳು, ಚರ್ಮ ತಿಪ್ಪೆಗೆ ಎಸೀಬೇಡಿ, ಆಳವಾಗಿ ಹೂತು ಹಾಕಿ. 2025ರ ಏರೋ ಇಂಡಿಯಾಗೆ ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸದಂಗಡಿ ಮುಚ್ಚಿಸಿದ್ದು ಇದಕ್ಕೇ. ಮಾಂಸದ ಕಸಕ್ಕೆ ಹದ್ದು ಸೇರ್ತವೆ, ವಿಮಾನಕ್ಕೆ ಅಪಾಯ ಅಂತ. ನಿಮ್ಮ ಹಿತ್ತಲಲ್ಲಿ ವಿಮಾನ ಇಲ್ಲ, ಮರಿ ಇವೆ.

ನಿಮ್ಮಲ್ಲಿಗೆ ಬರೋದು ಹದ್ದಾ, ಶಿಕ್ರಾನಾ? ನೋಡಿ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.