ಚದುರಂಗದ ಮಣೆಯೂ ನಮ್ಮ ಹೆಣ್ಣುಮಕ್ಕಳೂ

(ರಾಜ್ಯೋತ್ಸವದ ಸಿದ್ಧತೆಗಾಗಿ ಅಬಿಡ್ಸ್‌ನಲ್ಲಿ ಸೇರಿದ್ದ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜ್ಯೋತ್ಸವದ ಅಂಗವಾಗಿ ನಾವು ನಡೆಸಲಿರುವ ಚದುರಂಗ ಸ್ಪರ್ಧೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಈ ಆಟದೊಡನೆ ಕನ್ನಡನಾಡಿಗಿರುವ ನಂಟನ್ನು ಬಣ್ಣಿಸುತ್ತ ಕುಳಿತರೆ ಹೊತ್ತು ಹೋಗುವುದೇ ತಿಳಿಯದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಸ್ಥಾನವಿದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯ ಸಮಸ್ಯೆಗಳನ್ನು ರಚಿಸಿ ಬಿಡಿಸಿದವರು. ಆದರೆ ಈ ಹಿರಿಮೆಯ ಪಕ್ಕದಲ್ಲಿಯೇ ಇಟ್ಟು ನೋಡಬೇಕಾದ ಒಂದು ಲೆಕ್ಕವಿದೆ. 2025ರ ಜುಲೈ ತಿಂಗಳಲ್ಲಿ ನಾಗಪುರದ ದಿವ್ಯಾ ದೇಶಮುಖ್ ಭಾರತದ 88ನೆಯ ಗ್ರಾಂಡ್‌ಮಾಸ್ಟರ್ ಆದರು. ಆ 88 ಮಂದಿಯಲ್ಲಿ ಮಹಿಳೆಯರು ನಾಲ್ವರೇ: ಕೊನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ಆರ್. ವೈಶಾಲಿ ಮತ್ತು ದಿವ್ಯಾ. ಈ ನಾಲ್ವರಲ್ಲಿ ಕನ್ನಡನಾಡಿನವರು ಒಬ್ಬರೂ ಇಲ್ಲ. ಮಹಿಳೆಯರ ಮೊತ್ತಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ನೆನೆದರೆ ಈ ಕೊರತೆ ಇನ್ನಷ್ಟು ನೋಯಿಸುತ್ತದೆ.

ಹೆಣ್ಣಿನ ಬುದ್ಧಿಗೆ ಈ ಆಟ ಒಗ್ಗದು ಎಂಬ ಮಾತನ್ನು ಇಂದಿಗೂ ಕೇಳುತ್ತೇವೆ. ಜರ್ಮನಿಯ ಸುಮಾರು 1,20,000 ಆಟಗಾರರ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿ ಒಬ್ಬ ಆಟಗಾರ್ತಿಗೆ ಹದಿನಾರು ಮಂದಿ ಗಂಡಸರಿದ್ದರು. ತುತ್ತತುದಿಯ ನೂರು ಗಂಡಸರಿಗೂ ನೂರು ಹೆಂಗಸರಿಗೂ ಇರುವ ಅಂತರದ ಬಹುಪಾಲನ್ನು ಈ ಸಂಖ್ಯೆಯ ವ್ಯತ್ಯಾಸವೇ ವಿವರಿಸುತ್ತದೆಂದು ಅವರು ತೋರಿಸಿದರು. ಅದರ ಮೇಲೆ ವಾದವಿವಾದಗಳು ನಡೆದಿವೆ, ನಿಜ. ಅದಕ್ಕೂ ಮುಂಚೆ, 2008ರಲ್ಲಿ, ಇಟಲಿಯ ಮನಶ್ಶಾಸ್ತ್ರಜ್ಞರು ಸಮಬಲದ 42 ಜೋಡಿಗಳನ್ನು ಅಂತರ್ಜಾಲದಲ್ಲಿ ಆಡಿಸಿ ನೋಡಿದ್ದರು. ಎದುರಾಳಿ ಯಾರೆಂದು ತಿಳಿಯದಿದ್ದಾಗ ಹೆಂಗಸರು ಸರಿಸಮನಾಗಿ ಆಡಿದರು. ಎದುರಿಗಿರುವವನು ಗಂಡಸೆಂದು ತಿಳಿಸಿದಾಗ ಅವರ ಆಟ ಬಹಳ ಕುಗ್ಗಿತು. ಮಣೆಯ ಮೇಲಿನ ಕಾಯಿಗಳು ಅವೇ, ನಿಯಮವೂ ಅದೇ. ಬದಲಾದದ್ದು ಸುತ್ತಲಿನ ವಾತಾವರಣ. ವಾತಾವರಣವಾದರೋ ಸ್ಪರ್ಧೆ ನಡೆಸುವವರ ಕೈಯಲ್ಲಿದೆ.

ಈ ಹೈದರಾಬಾದಿನಲ್ಲಿ 1981ರಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ಪನ್ನು ಗೆದ್ದವರು ಮುಂಬಯಿಯ ರೋಹಿಣಿ ಖಾಡಿಲ್ಕರ್. ಒಂದೂ ಸೋಲಿಲ್ಲದೆ 12ಕ್ಕೆ ಹನ್ನೊಂದೂವರೆ ಅಂಕ ಗಳಿಸಿದರು. ಅದಕ್ಕೆ ಐದು ವರ್ಷ ಮುಂಚೆ, 1976ರಲ್ಲಿ, ಹದಿಮೂರರ ಹುಡುಗಿಯಾಗಿ ಅವರು ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಲು ಕುಳಿತಾಗ ದೊಡ್ಡ ಗದ್ದಲವೆದ್ದಿತ್ತು. ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಡಬಾರದೆಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ತೀರ್ಪಿತ್ತರು. ಆ ಬಾಗಿಲು ತೆರೆದದ್ದು ಹೀಗೆ.

ಬಾಗಿಲು ತೆರೆದಿದ್ದರೂ ಒಳಗೆ ಬಂದವರು ಎಂಥವರು? ಹಂಪಿಯವರ ತಂದೆ ಮಗಳ ತರಬೇತಿಗಾಗಿ ಅಧ್ಯಾಪಕ ವೃತ್ತಿಯನ್ನೇ ಬಿಟ್ಟರು. ಆ ಹೆಸರು ನಮ್ಮ ತುಂಗಭದ್ರೆಯ ತೀರದ ಹಂಪಿಯದಲ್ಲ. ‘ಚಾಂಪಿಯನ್’ ಎಂಬ ಪದದಿಂದ ತಂದೆ ಕಡೆದು ತೆಗೆದದ್ದು. ಮಗಳು 2002ರಲ್ಲಿ, ಹದಿನೈದನೆಯ ವಯಸ್ಸಿಗೇ, ಗ್ರಾಂಡ್‌ಮಾಸ್ಟರ್ ಆದರು. 2017ರಲ್ಲಿ ತಾಯಿಯಾಗಿ, ಬಿಡುವು ಪಡೆದು ಮರಳಿ, 2019ರಲ್ಲಿಯೂ 2024ರಲ್ಲಿಯೂ ವಿಶ್ವ ರ‍್ಯಾಪಿಡ್ ಪ್ರಶಸ್ತಿ ಗೆದ್ದರು. ಗುಂಟೂರಿನ ಹಾರಿಕಾ 2022ರ ಚೆನ್ನೈ ಒಲಿಂಪಿಯಾಡಿನಲ್ಲಿ ತುಂಬು ಗರ್ಭಿಣಿಯಾಗಿದ್ದೂ ಆಡಿ ತಂಡದೊಡನೆ ಕಂಚು ಪಡೆದರು. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು. ಇವು ಕೊಂಡಾಡಬೇಕಾದ ಸಾಧನೆಗಳು. ಆದರೆ ಒಂದು ಇಡೀ ಮನೆತನ ತನ್ನ ಬದುಕನ್ನು ಪಣವಾಗಿಟ್ಟರೆ ಮಾತ್ರ ಹೆಣ್ಣುಮಗಳು ಚದುರಂಗದಲ್ಲಿ ಉಳಿಯಬಲ್ಲಳೆಂದಾದರೆ, ನೌಕರಿ ಬಿಡಲಾರದ ಅಪ್ಪನ, ಅಡುಗೆಮನೆಯಿಂದ ಬಿಡುವಿಲ್ಲದ ಅಮ್ಮನ ಮಗಳ ಗತಿಯೇನು? ನಮ್ಮ ಸಂಘದ ಸದಸ್ಯರೆಲ್ಲರೂ ಅಂಥ ಅಪ್ಪ ಅಮ್ಮಂದಿರೇ.

ನಮ್ಮ ಸ್ಪರ್ಧೆಗಳ ಹಳೆಯ ಹೆಸರುಪಟ್ಟಿಗಳನ್ನು ತೆರೆದು ನೋಡಿ. ಹತ್ತು ವರ್ಷದೊಳಗಿನವರಲ್ಲಿ ಹೆಣ್ಣುಮಕ್ಕಳು ಸಾಕಷ್ಟು ಇದ್ದಾರೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಸಾಲು ತೆಳುವಾಗುತ್ತದೆ, ಕಾಲೇಜಿನವರು ಬೆರಳೆಣಿಕೆಯಷ್ಟು. ಕಾರಣಗಳು ಗುಟ್ಟಿನವಲ್ಲ. ಭಾನುವಾರ ಒಂದೇ ದಿನದಲ್ಲಿ ಆರೇಳು ಸುತ್ತು ಮುಗಿಸಬೇಕು. ಉದ್ಘಾಟನೆಯಲ್ಲಿ ನಮ್ಮಂಥವರ ಭಾಷಣ ಒಂದು ಗಂಟೆ ಬೆಳೆದರೆ, ಬಹುಮಾನ ವಿತರಣೆ ರಾತ್ರಿ ಎಂಟಕ್ಕೆ ಸರಿಯುತ್ತದೆ. ಕೂಕಟಪಲ್ಲಿಗೋ ಉಪ್ಪಲಿಗೋ ಹಿಂದಿರುಗಬೇಕಾದ ಹುಡುಗಿಯ ತಾಯಿ ಐದನೆಯ ಸುತ್ತಿಗೇ ಗಡಿಯಾರ ನೋಡತೊಡಗುತ್ತಾಳೆ. ಮುಂದಿನ ವರ್ಷ ಮಗಳನ್ನು ಕಳಿಸುವುದೇ ಇಲ್ಲ. ನಮ್ಮ ಮಾತಿನ ಬೆಲೆಯನ್ನು ಆ ಮಗು ತೆರುತ್ತದೆ.

ಮಾತಿನ ಇನ್ನೊಂದು ಬಗೆಯೂ ಇದೆ. ನೆದರ್‌ಲ್ಯಾಂಡ್ಸ್‌ನ ಸ್ಪರ್ಧೆಯೊಂದರ ಬಳಿಕ 2024ರಲ್ಲಿ ದಿವ್ಯಾ, ಪ್ರೇಕ್ಷಕರು ತಮ್ಮ ಆಟವನ್ನು ಬಿಟ್ಟು ಉಡುಪು, ಕೂದಲು, ಉಚ್ಚಾರಣೆಗಳನ್ನು ಚರ್ಚಿಸುತ್ತಾರೆಂದು ಬಹಿರಂಗವಾಗಿಯೇ ಹೇಳಿದರು. ಆಗ ಅವರಿಗೆ ಹದಿನೆಂಟು. ‘ಹುಡುಗಿಯ ಕೈಲಿ ಸೋತೆಯಾ’ ಎಂದು ಸೋತ ಹುಡುಗನನ್ನು ಛೇಡಿಸುವ ನಮ್ಮ ಅಭ್ಯಾಸವೂ ಇದೇ ಜಾತಿಯದು.

ಆದ್ದರಿಂದ ಸಮಿತಿಯ ಮುಂದೆ ಕೆಲವು ಸಲಹೆಗಳನ್ನಿಡುತ್ತೇನೆ. ಉದ್ಘಾಟನೆ ಹತ್ತು ನಿಮಿಷ ಮೀರಬಾರದು. ಸಂಜೆ ಐದೂವರೆಗೆ ಎಲ್ಲವೂ ಮುಗಿಯಬೇಕು. ಅದಕ್ಕೆ ಒಂದು ಸುತ್ತು ಕಡಿಮೆಯಾದರೂ ಚಿಂತೆಯಿಲ್ಲ. ಹೆಣ್ಣುಮಕ್ಕಳಿಗೆ ಶುಚಿಯಾದ ಪ್ರತ್ಯೇಕ ಶೌಚಾಲಯವೂ, ತಾಯಂದಿರಿಗೆ ಕುಳಿತುಕೊಳ್ಳಲು ಜಾಗವೂ ಇಲ್ಲದ ಕಟ್ಟಡವನ್ನು, ಬಾಡಿಗೆ ಎಷ್ಟೇ ಕಡಿಮೆಯಿರಲಿ, ಒಪ್ಪಿಕೊಳ್ಳಬಾರದು. ತೀರ್ಪುಗಾರರಲ್ಲಿ ಒಬ್ಬರಾದರೂ ಮಹಿಳೆಯಿರಲಿ. ಅನುಚಿತ ವರ್ತನೆಯ ದೂರನ್ನು ಯಾರಲ್ಲಿ ಹೇಳಬೇಕೆಂಬುದನ್ನು ಹೆಸರು ಸಹಿತ ಗೋಡೆಯ ಮೇಲೆ ಬರೆದು ಅಂಟಿಸೋಣ. ಹೆಸರು ನಮೂದಿಸದ ಹೊಣೆ ಕಡತದಲ್ಲಿಯೇ ಉಳಿಯುತ್ತದೆಂಬುದನ್ನು ಸರ್ಕಾರಿ ಕಚೇರಿಯಲ್ಲಿ ದುಡಿದವರಾರೂ ಅಲ್ಲಗಳೆಯಲಾರರು.

ಪ್ರತ್ಯೇಕ ಸ್ಪರ್ಧೆ ಬೇಕೇ ಬೇಡವೇ ಎಂಬ ಪ್ರಶ್ನೆ ಜಟಿಲವಾದದ್ದು. ಹಂಗೇರಿಯ ಜುಡಿತ್ ಪೋಲ್ಗಾರ್ ಮಹಿಳೆಯರ ಪಂದ್ಯಾವಳಿಗಳಿಂದ ದೂರ ಉಳಿದು ಪುರುಷರೊಡನೆ ಆಡಿಯೇ ಎತ್ತರಕ್ಕೇರಿದರು. ನಮ್ಮ ಹಂಪಿ ಎರಡರಲ್ಲಿಯೂ ಆಡಿದರು. ಸಣ್ಣ ಸಂಘವಾದ ನಮಗೆ ತೋರುವ ಹಾದಿ ಇದು: ಎಲ್ಲರೂ ಒಂದೇ ಸ್ಪರ್ಧೆಯಲ್ಲಿ ಆಡಲಿ, ಜೊತೆಗೆ ಬಾಲಕಿಯರಿಗೂ ಮಹಿಳೆಯರಿಗೂ ವಿಶೇಷ ಬಹುಮಾನಗಳಿರಲಿ, ಅವು ಸ್ಟೀಲಿನ ಡಬ್ಬಿಗಳಾಗದೆ ಮುಖ್ಯ ಬಹುಮಾನಕ್ಕೆ ಸಮನಾಗಿರಲಿ. ಇಲ್ಲಿಯೇ ಅಬಿಡ್ಸ್‌ನ ಭಾನುವಾರದ ಹಳೆಯ ಪುಸ್ತಕದ ಸಾಲುಗಳಲ್ಲಿ ಚದುರಂಗದ ಪುಸ್ತಕಗಳನ್ನು ಹುಡುಕಿ ಕೊಂಡು ಸಂಘದಲ್ಲೊಂದು ಕಪಾಟು ತುಂಬಿಸೋಣ. ತಾಯಂದಿರಿಗೂ ವಾರಕ್ಕೊಮ್ಮೆ ಆಟ ಕಲಿಸೋಣ. ಅಮ್ಮ ಆಡುವ ಮನೆಯಲ್ಲಿ ಮಗಳನ್ನು ಆಟದಿಂದ ಎಬ್ಬಿಸುವವರು ಇರಲಾರರು.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಸಂಘದ ಉಪನ್ಯಾಸಗಳಿಗೆ ಬರುವುದು ಅಪರೂಪ, ಚದುರಂಗಕ್ಕೆ ಬರುತ್ತಾರೆ. ಇಲ್ಲಿಗೆ ಬಂದ ಹುಡುಗಿಯನ್ನು ನಾವು ಉಳಿಸಿಕೊಳ್ಳದಿದ್ದರೆ ಆಟದೊಡನೆ ಸಂಘವನ್ನೂ ಕನ್ನಡದ ಒಡನಾಟವನ್ನೂ ಅವಳು ತೊರೆದು ಹೋಗುತ್ತಾಳೆ. ಈ ಬಾರಿಯ ಆಹ್ವಾನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಸಮಿತಿ ಈ ಸಲಹೆಗಳನ್ನು ನಿರ್ಣಯದ ರೂಪದಲ್ಲಿ ಅಂಗೀಕರಿಸಬೇಕೆಂದು ಕೋರುತ್ತೇನೆ.