ಓಡುವವರ ಕಣಕಾಲು ನೋವು: ಕಾರಣ ಅರಿಯೋಣ



ಕ್ರೀಡಾಕೂಟ ಹತ್ತಿರ ಬಂದಾಗ ಅಥವಾ ಪೊಲೀಸ್ ನೇಮಕಾತಿಯ ಪ್ರಕಟಣೆ ಹೊರಟಾಗ ನಮ್ಮ ಯುವಕರು ಒಮ್ಮೆಲೇ ಓಟ ಆರಂಭಿಸುತ್ತಾರೆ. ಕೆಲವೇ ವಾರಗಳಲ್ಲಿ ಮೊಣಕಾಲಿನ ಕೆಳಗಿನ ಮೂಳೆ, ಅಂದರೆ ಕಣಕಾಲು, ನೋಯತೊಡಗುತ್ತದೆ. ಆಯ್ಕೆ ತಪ್ಪೀತೆಂಬ ಭಯದಿಂದ ಹಲವರು ಅದನ್ನು ಮುಚ್ಚಿಟ್ಟು ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂಳೆ ಜೀವಂತ ಅಂಗ. ಹೊಸ ಭಾರ ಬಿದ್ದಾಗ ಅದು ಹಳೆಯ ಅಂಶವನ್ನು ಮೊದಲು ತೆಗೆದು, ಆಮೇಲೆ ಹೊಸದನ್ನು ಕಟ್ಟುತ್ತದೆ. ತೆಗೆಯುವುದು ಬೇಗ, ಕಟ್ಟುವುದು ನಿಧಾನ. ನಡುವೆ ವಿಶ್ರಾಂತಿ ಸಿಗದಿದ್ದರೆ ಮೂಳೆ ದುರ್ಬಲವಾಗುತ್ತದೆ.

ಈ ನೋವಿನಲ್ಲಿ ಮುಖ್ಯವಾಗಿ ಮೂರು ಬಗೆ.

ಮೊದಲನೆಯದು 'ಶಿನ್ ಸ್ಪ್ಲಿಂಟ್ಸ್'. ಕಣಕಾಲಿನ ಒಳ ಅಂಚಿನ ಉದ್ದಕ್ಕೂ, 5 ಸೆಂಟಿಮೀಟರಿಗೂ ಹೆಚ್ಚು ಜಾಗದಲ್ಲಿ ನೋವಿರುತ್ತದೆ. ಆರಂಭದಲ್ಲಿ ಮೈ ಬಿಸಿಯಾದಂತೆ ಕಡಿಮೆಯಾಗುವುದೂ ಉಂಟು.

ಎರಡನೆಯದು 'ಸ್ಟ್ರೆಸ್ ಫ್ರಾಕ್ಚರ್', ಅಂದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಒಂದೇ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಓಡಿದಷ್ಟೂ ನೋವು ಹೆಚ್ಚುತ್ತದೆ. ರಾತ್ರಿ ಮಲಗಿದಾಗಲೂ ಕಾಡಬಹುದು. ಮೊದಲ ಕೆಲವು ವಾರ ಎಕ್ಸ್-ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ 'ಎಕ್ಸ್-ರೇ ಸರಿಯಿದೆ' ಎಂದು ಮತ್ತೆ ಓಡಬಾರದು.

ಮೂರನೆಯದು 'ಕಂಪಾರ್ಟ್‌ಮೆಂಟ್ ಸಿಂಡ್ರೋಮ್'. ಓಡುವಾಗ ಸ್ನಾಯುಗಳಲ್ಲಿ ಒತ್ತಡ ಏರಿ ಕಾಲು ಬಿಗಿಯುತ್ತದೆ, ಪಾದ ಜೋಮು ಹಿಡಿಯುತ್ತದೆ. ನಿಂತ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಒಮ್ಮೆಲೇ ಓಟ ಹೆಚ್ಚಿಸುವುದು, ಸವೆದ ಶೂ, ಚಪ್ಪಟೆ ಪಾದ, ಕ್ಯಾಲ್ಸಿಯಂ ಹಾಗೂ ವಿಟಮಿನ್ ಡಿ ಕೊರತೆ ಇವು ಮೂಳೆಯ ನೋವಿಗೆ ದಾರಿ ಮಾಡುತ್ತವೆ. ವಿದ್ಯಾರ್ಥಿನಿಯರೇ, ಊಟ ಕಡಿಮೆ ಮಾಡಿ ಓಡುತ್ತಿದ್ದು ಮುಟ್ಟು ನಿಂತುಹೋದರೆ ಮೂಳೆಯೂ ಸೊರಗುತ್ತಿರಬಹುದು. ಸಂಕೋಚ ಬಿಟ್ಟು ತಾಯಿಗೆ, ವೈದ್ಯರಿಗೆ ತಿಳಿಸಿ.

ನೋವು ಕಂಡಾಗ ಓಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಿ. ನೋವಾಗದಿದ್ದರೆ ಸೈಕಲ್ ತುಳಿಯಬಹುದು, ಈಜಬಹುದು. ಮಾತ್ರೆ ನುಂಗಿ ನೋವು ಮರೆಸಿ ಓಡಬೇಡಿ. ಒಂದೇ ಬಿಂದುವಿನಲ್ಲಿ ನೋವು, ರಾತ್ರಿ ನೋವು, ಜೋಮು ಇದ್ದರೆ ಮೂಳೆ ತಜ್ಞರನ್ನು ಕಾಣಿ. ಪೆಟ್ಟು ಬಿದ್ದ ಕಾಲು ಊದಿ ಸಹಿಸಲಾರದ ನೋವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಿರುಕು ಬೇಗ ಪತ್ತೆಯಾದರೆ ಸಾಮಾನ್ಯವಾಗಿ ಕೆಲವು ವಾರಗಳ ವಿಶ್ರಾಂತಿ ಸಾಕು. ಅದರ ಮೇಲೆಯೇ ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ಶಿಕ್ಷಕರೇ, ಪೋಷಕರೇ, ಮಗು 'ಕಾಲು ನೋವು' ಎಂದಾಗ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ, ಎಲ್ಲಿ ನೋವು, ಯಾವಾಗ ನೋವು ಎಂದು ಕೇಳಿ.