ಹನ್ನೆರಡು ಬುಟ್ಟಿಗಳು ಮತ್ತು ನಮ್ಮ ಅಡುಗೆಮನೆ
(ಮಾತೆ ಮರಿಯಮ್ಮನವರ ಜನನೋತ್ಸವದಂದು ಮಾಜಾಳಿಯಲ್ಲಿ ನೀಡಿದ ಪ್ರಬೋಧನೆ)



ಇಂದು ಸೆಪ್ಟೆಂಬರ್ 8, ನಮ್ಮ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನಗಳಿಂದ ಮಕ್ಕಳು ಹೂ ತಂದು ಅಮ್ಮನವರ ಪಾದಕ್ಕೆ ಅರ್ಪಿಸಿದ್ದಾರೆ. ಇಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ, ಹೊಸ ಅಕ್ಕಿಯ ಊಟ ಮಾಡುತ್ತೇವೆ. ಅನ್ನ ಕೊಟ್ಟ ದೇವರಿಗೆ ಕೃತಜ್ಞತೆ ಹೇಳುವ ದಿನ ಇದು. ಆ ಅನ್ನವನ್ನು ನಾವು ಯಾವುದರಲ್ಲಿ ಇಡುತ್ತೇವೆ ಎಂದು ಇಂದು ಯೋಚಿಸೋಣ.

ಇದೆಂತಹ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಪವಿತ್ರ ಗ್ರಂಥ ಇದನ್ನು ಮರೆತಿಲ್ಲ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ, ಹೊಲದ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಸನ್ನಿಧಿಗೆ ತರಬೇಕೆಂದು ಮೋಶೆ ಜನರಿಗೆ ಹೇಳುತ್ತಾನೆ. ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಐದು ಜವೆಗೋಧಿ ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನ ಉಂಡರು. ಎಲ್ಲರಿಗೂ ಹೊಟ್ಟೆ ತುಂಬಿದ ಮೇಲೆ, ಉಳಿದ ತುಂಡುಗಳನ್ನು ಕೂಡಿಸಿರಿ, ಒಂದೂ ಹಾಳಾಗಬಾರದು ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದರು. ಹನ್ನೆರಡು ಬುಟ್ಟಿಗಳು ತುಂಬಿದವು. ಬೇಕಾದಷ್ಟು ರೊಟ್ಟಿ ಕೊಡಬಲ್ಲ ಸ್ವಾಮಿಗೂ ಒಂದು ತುಂಡು ಚೆಲ್ಲಲು ಮನಸ್ಸಾಗಲಿಲ್ಲ. ಉಳಿದದ್ದನ್ನು ಕಾಪಾಡುವುದು ಅವರ ದೃಷ್ಟಿಯಲ್ಲಿ ಸಣ್ಣ ಕೆಲಸವಾಗಿರಲಿಲ್ಲ.

ನಾವೇನು ಮಾಡಿದೆವು? ಕಳೆದ ವರ್ಷ ಇದೇ ಹಬ್ಬದ ಊಟ ಮುಗಿದ ಮೇಲೆ, ಉಳಿದ ಪಾಯಸ, ಪಲ್ಯಗಳನ್ನು ಹಾಳಾಗಬಾರದೆಂದು ತೆಳುವಾದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಕಟ್ಟಿ ಹಂಚಿದೆವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ಮರುದಿನ ಬೆಳಿಗ್ಗೆ ರಸ್ತೆಯ ಬದಿಯಲ್ಲಿ ಒಂದು ಹಸು ಪಾಯಸದ ವಾಸನೆಗೆ ಆ ಕೊಟ್ಟೆಯನ್ನೇ ಜಗಿಯುತ್ತಿತ್ತು. ಬಾಯಿಂದ ಎಳೆಯಲು ಹೋದೆವು; ಅರ್ಧ ಆಗಲೇ ಒಳಗೆ ಹೋಗಿತ್ತು. ಅನ್ನ ಉಳಿಸಿದೆವು ಎಂಬ ನಮ್ಮ ಸಮಾಧಾನ ಅಲ್ಲಿಗೆ ಮುಗಿಯಿತು. ಆ ಹಸು ಯಾರ ಮನೆಯದೋ, ಕೊಟ್ಟೆ ಮಾತ್ರ ನಮ್ಮದು.

ರಸ್ತೆಯಲ್ಲಿ ಉಳಿದದ್ದು ಮಳೆನೀರಿನೊಡನೆ ಹಳ್ಳಕ್ಕೆ, ಹಳ್ಳದಿಂದ ಕಡಲಿಗೆ ಸೇರುತ್ತದೆ. ಕಾರವಾರದ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನೀರಿನಲ್ಲಿ ತೇಲುವ ಕೊಟ್ಟೆ ಆಮೆಯ ಕಣ್ಣಿಗೆ ಜೆಲ್ಲಿ ಮೀನಿನಂತೆ ಕಾಣುತ್ತದೆ. ಪ್ಲಾಸ್ಟಿಕ್ ಎಲೆಯಂತೆ ಕೊಳೆಯುವುದಿಲ್ಲ. ಬಿಸಿಲಿಗೆ ಒಡೆದು ಚೂರಾಗುತ್ತದೆ, ಚೂರು ಇನ್ನೂ ಸಣ್ಣ ಚೂರಾಗುತ್ತದೆ. ಆ ಚೂರುಗಳು ಮೀನಿನ ಹೊಟ್ಟೆಯಲ್ಲೂ ಸಿಕ್ಕಿವೆ. ಬಲೆ ಬೀಸಿ ಬದುಕುವ ಊರಿನ ನಮಗೆ ಇದು ದೂರದ ಸುದ್ದಿಯಲ್ಲ.

ಕಾನೂನು ಬಂದಿದೆ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಆದರೂ ನಮ್ಮ ಫ್ರಿಜ್ಜಿನ ಬಾಗಿಲು ತೆರೆದರೆ ಏನು ಕಾಣುತ್ತದೆ? ಕೊತ್ತಂಬರಿ ಒಂದು ಕೊಟ್ಟೆಯಲ್ಲಿ, ಮೀನು ಎರಡು ಕೊಟ್ಟೆಯಲ್ಲಿ, ನಿನ್ನೆಯ ಸಾರು ಇನ್ನೊಂದರಲ್ಲಿ. ಕಾನೂನು ಅಂಗಡಿಯವರೆಗೆ ಬರಬಹುದು. ಅಡುಗೆಮನೆಯೊಳಗೆ ಬರಬೇಕಾದದ್ದು ನಮ್ಮ ಮನಸ್ಸಾಕ್ಷಿ.

ನಮ್ಮ ಅಜ್ಜಿಯರಿಗೆ ಫ್ರಿಜ್ ಇರಲಿಲ್ಲ, ಕೊಟ್ಟೆಯೂ ಇರಲಿಲ್ಲ. ಉಪ್ಪಿನಕಾಯಿ, ಉಪ್ಪುನೀರಿನ ಮಾವಿನಮಿಡಿ ಭರಣಿಯಲ್ಲಿ, ಒಣಮೀನು ಮಡಕೆಯಲ್ಲಿ, ಅಕ್ಕಿ ಹುಲ್ಲಿನ ಮುಡಿಯಲ್ಲಿ ಮಳೆಗಾಲ ಕಳೆಯುತ್ತಿದ್ದವು. ಅವರ ಕಾಲಕ್ಕೆ ಮರಳಿ ಹೋಗಿ ಎಂದು ನಾವು ಹೇಳುತ್ತಿಲ್ಲ. ಸಮುದ್ರದ ಗಾಳಿಗೆ ಹಿಟ್ಟು, ಹಪ್ಪಳ ಮೆತ್ತಗಾಗುತ್ತವೆ, ಅದಕ್ಕೇ ಕೊಟ್ಟೆ ಎಂದು ತಾಯಂದಿರು ಹೇಳುತ್ತಾರೆ. ಮಾತು ನಿಜ. ಆದರೆ ಮುಚ್ಚಳ ಬಿಗಿಯಾಗಿರುವ ಒಣಗಿದ ಸ್ಟೀಲ್ ಡಬ್ಬಿಯೂ ಅದೇ ಕೆಲಸ ಮಾಡುತ್ತದೆ. ಕೊತ್ತಂಬರಿಯ ನೀರು ಆರಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಹಲವು ದಿನ ಹಸಿರಾಗಿರುತ್ತದೆ. ಹಸಿಮೆಣಸಿನ ತೊಟ್ಟು ತೆಗೆದಿಟ್ಟರೆ ಬೇಗ ಕೊಳೆಯದು. ಮೀನನ್ನು ತೊಳೆದು, ಒಂದು ಹೊತ್ತಿಗೆ ಬೇಕಾದಷ್ಟೇ ಒಂದೊಂದು ಡಬ್ಬಿಯಲ್ಲಿಡಬಹುದು. ಗಾಜಿನ ಬಾಟಲಿಯಲ್ಲಿ ಸಾರು ಗಡ್ಡೆಗಟ್ಟಿಸುವುದಾದರೆ ಕಂಠದವರೆಗೆ ತುಂಬಬೇಡಿ, ಹಿಗ್ಗಿ ಒಡೆಯುತ್ತದೆ. ಬಿಸಿ ಪದಾರ್ಥವನ್ನಂತೂ ಪ್ಲಾಸ್ಟಿಕ್ಕಿಗೆ ಹಾಕಲೇಬೇಡಿ.

ಇದಕ್ಕಾಗಿ ಹೊಸ ಡಬ್ಬಿಗಳನ್ನು ಕೊಳ್ಳಲು ಪೇಟೆಗೆ ಓಡಬೇಕಿಲ್ಲ. ಖಾಲಿಯಾದ ಜಾಮ್ ಬಾಟಲಿ, ಅಟ್ಟದ ಮೇಲಿನ ಹಳೆಯ ಡಬ್ಬಿ ಸಾಕು. ಮನೆಯಲ್ಲಿ ಈಗಾಗಲೇ ಇರುವ ಕೊಟ್ಟೆಗಳನ್ನು ಒಂದೇ ದಿನ ಎಸೆದರೆ ಅದೂ ಕಸವೇ. ತೊಳೆದು, ಒಣಗಿಸಿ, ಹರಿಯುವವರೆಗೆ ಬಳಸಿ. ಹೊಸತನ್ನು ಮಾತ್ರ ಒಳಗೆ ಬಿಡಬೇಡಿ. ಮೀನುಪೇಟೆಗೆ ಹೋಗುವಾಗ ಒಂದು ಡಬ್ಬಿ ಒಯ್ಯಿರಿ. ಮೀನು ಮಾರುವ ಅಕ್ಕನಿಗೂ ಕೊಟ್ಟೆಯ ಖರ್ಚು ಉಳಿಯುತ್ತದೆ. ಮನೆಯ ಗಂಡಸರು ಇದನ್ನು ಹೆಂಗಸರ ಕೆಲಸವೆಂದು ಬಿಡದಿರಲಿ. ಕೈ ಬೀಸಿಕೊಂಡು ಪೇಟೆಗೆ ಹೋಗಿ ಐದು ಕೊಟ್ಟೆ ತರುವವರು ಹೆಚ್ಚಾಗಿ ನಾವೇ.

ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆ ಎಂದು ಕರೆದರು. ಪ್ಲಾಸ್ಟಿಕ್ಕನ್ನು ಕಡಿಮೆ ಬಳಸುವುದು, ತಿನ್ನುವಷ್ಟೇ ಬೇಯಿಸುವುದು, ಇಂತಹ ಸಣ್ಣ ಕೆಲಸಗಳನ್ನೂ ಅವರು ಅದರಲ್ಲಿ ಹೆಸರಿಸಿದ್ದಾರೆ. ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ನಮ್ಮ ತೆನೆಹಬ್ಬ ಅದರ ನಡುವೆಯೇ ಬರುತ್ತದೆ.

ಇಂದಿನ ಊಟದಲ್ಲಿ ಉಳಿದದ್ದನ್ನು ಒಯ್ಯಲು ಮನೆಯಿಂದಲೇ ಡಬ್ಬಿ ತನ್ನಿ ಎಂದು ಕಳೆದ ಭಾನುವಾರ ಕೇಳಿಕೊಂಡಿದ್ದೆವು. ಬಾಗಿಲ ಬಳಿ ಸಾಲಾಗಿ ಇಟ್ಟಿರುವ ಡಬ್ಬಿಗಳನ್ನು ನೋಡುವಾಗ ಆ ಹನ್ನೆರಡು ಬುಟ್ಟಿಗಳು ನೆನಪಾಗುತ್ತವೆ. ಮರೆತು ಬಂದವರು ನಾಚಬೇಕಿಲ್ಲ, ಪಕ್ಕದ ಮನೆಯವರ ಡಬ್ಬಿಯಲ್ಲಿ ಜಾಗವಿರುತ್ತದೆ.

ನಜರೇತಿನ ಮನೆಯಲ್ಲಿ ಹಿಟ್ಟು ನಾದಿ, ರೊಟ್ಟಿ ಸುಟ್ಟು, ಉಳಿದದ್ದನ್ನು ಜೋಪಾನ ಮಾಡಿದ ತಾಯಿ ಮರಿಯಮ್ಮ ನಮ್ಮ ಅಡುಗೆಮನೆಗಳನ್ನೂ ಆಶೀರ್ವದಿಸಲಿ. ನಮ್ಮ ಅನ್ನ ಹಾಳಾಗದಿರಲಿ. ನಮ್ಮ ಅನ್ನದಿಂದ ಹಸುವಿಗಾಗಲಿ ಕಡಲಿಗಾಗಲಿ ಕೇಡಾಗದಿರಲಿ. ಆಮೆನ್.